ದೇವಾನಂದ ಅವರು ಪೂರ್ತಿ ಓದದ ಅಧ್ಯಾಯ

ನಮ್ಮ ಕನ್ನಡ ಕ್ರೈಸ್ತ ಸಭೆ ಕಾಂದಿವಲಿಯ ಒಂದು ಶಾಲೆಯ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತದೆ. ಬೆಳಿಗ್ಗೆ ಆ ಹಾಲ್ ಮರಾಠಿ ಸಭೆಯವರದು. ಅವರು ಎದ್ದು ಹೋದ ಮೇಲೆ ನಮ್ಮವರು ಕಸ ಗುಡಿಸಿ, ಬೆಂಚು ಸರಿಪಡಿಸಿ ಹಾರ್ಮೋನಿಯಂ ತೆಗೆಯುತ್ತಾರೆ. ಬೀದರ್, ಹುಮನಾಬಾದ್, ಚಿಟಗುಪ್ಪದ ಕಡೆಯಿಂದ ಬಂದ ಕ್ರೈಸ್ತ ಮನೆತನಗಳು ನಮ್ಮವು. ಮೊದಲು ಬಂದವರು ಕಲ್ಲು ಒಡೆದರು, ಬಿಲ್ಡಿಂಗ್ ಕಟ್ಟಿದರು. ಅವರ ಮಕ್ಕಳು ವಾಚ್‌ಮನ್, ಆಯಾ, ಡ್ರೈವರ್, ಪ್ಯೂನ್ ಆದರು. ಮೊಮ್ಮಕ್ಕಳು ಕನ್ನಡದ ಹಾಡನ್ನು ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ.

ಈ ಸಭೆಗೆ ಬಹಳ ವರ್ಷ ಹಿರಿಯ ಸ್ಟೀವರ್ಡ್ ಆಗಿದ್ದವರು ದೇವಾನಂದ ಮರೆಪ್ಪ. ಸ್ಟೀವರ್ಡ್ ಎಂದರೆ ಪಾಸ್ಟರ್ ಕೆಳಗೆ ಸಭೆಯ ವ್ಯವಹಾರ ನೋಡಿಕೊಳ್ಳುವವರು. ನಾನು ಈ ಸಭೆಗೆ ಸೇರಿದ್ದು ತಡವಾಗಿ. ಆರಾಧನೆ ಮುಗಿದ ಮೇಲೆ ಅವರೂ ನಾನೂ ಒಂದೇ ಲೋಕಲ್ ರೈಲು ಹಿಡಿಯುತ್ತೇವೆ, ಇಬ್ಬರ ಮನೆಯೂ ಗೋರೆಗಾಂವ್‌ನಲ್ಲಿ. ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದನ್ನು ಅವರೇ ಹಾಗೆ ಗಾಡಿಯಲ್ಲಿ ನಿಂತು, ಕಿಟಕಿಯ ಕಡೆ ಮುಖ ಮಾಡಿ ಹೇಳಿದ್ದು. ಬರೆಯಲೇ ಎಂದು ಕೇಳಿದಾಗ, ಬರೆಯಿರಿ, ಆದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿ ಬರೆಯಬೇಡಿ ಎಂದರು.

ಅವರ ತಂದೆ ಮರೆಪ್ಪ ಗೋರೆಗಾಂವ್ ಗುಡ್ಡದ ಕಲ್ಲುಗಣಿಯಲ್ಲಿ ಕೂಲಿ. ಓದು ಬರದು, ಹಾಡುಗಳೆಲ್ಲ ಬಾಯಿಪಾಠ. ಮಗ ಮುನಿಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿದ. ಮುಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಅವನಿಗೆ ಗೋಡೆಯಾಯಿತು, ಎರಡು ಸಲ ಅದೊಂದೇ ವಿಷಯದಲ್ಲಿ ನಪಾಸಾದ. ಆಗ ಮರೆಪ್ಪ ಒಂದು ದಿನ ರದ್ದಿ ಅಂಗಡಿಯಿಂದ ಕಪ್ಪು ರಟ್ಟಿನ ದಪ್ಪ ಇಂಗ್ಲಿಷ್ ಬೈಬಲ್ ತಂದುಕೊಟ್ಟ. ನಾನೂರು ವರ್ಷದಷ್ಟು ಹಳೆಯ ಅನುವಾದ ಅದು. ಅಪ್ಪನಿಗೂ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ದೇವಾನಂದ ಒಂದು ತೊಡೆಯ ಮೇಲೆ ಕನ್ನಡ ಸತ್ಯವೇದ, ಇನ್ನೊಂದು ತೊಡೆಯ ಮೇಲೆ ಇಂಗ್ಲಿಷಿನದು ಇಟ್ಟುಕೊಂಡು ಕೂತ. ಎರಡರಲ್ಲೂ ವಚನಗಳಿಗೆ ಅಂಕಿ ಇರುತ್ತದಲ್ಲ, ಇದರ ಐದನೆಯದು ಅದರ ಐದನೆಯದರ ಅರ್ಥ ಹೇಳುತ್ತಿತ್ತು. ಹಾಗೆ ಅವನು ಇಂಗ್ಲಿಷ್ ಕಲಿತ. ಮೂರನೆಯ ಸಲ ಪಾಸಾದ.

ಆದರೆ ಕಲಿತ ಇಂಗ್ಲಿಷ್ ಯಾವ ಕಾಲದ್ದು ಎಂದು ಗೊತ್ತಾದದ್ದು ವಿಲೆ ಪಾರ್ಲೆಯ ಒಂದು ಕಾಲೇಜಿನ ಆಫೀಸಿಗೆ ಕ್ಲರ್ಕ್ ಆಗಿ ಸೇರಿದ ಮೇಲೆ. ಅವರು ಬರೆದ ಮೊದಲ ರಜೆ ಅರ್ಜಿಯನ್ನು ಹೆಡ್‌ಕ್ಲರ್ಕ್ ಎಲ್ಲರೆದುರು ನಾಟಕದ ರಾಜನ ದನಿಯಲ್ಲಿ ಓದಿದರಂತೆ. ನೀನು, ನಿನ್ನನ್ನು ಎನ್ನುವುದಕ್ಕೆ ಹಳೆಯ ಕಾಲದ 'ದೌ', 'ದೀ' ಎಂದೆಲ್ಲ ಬರೆದಿದ್ದರು. ಆಮೇಲೆ ಬಹಳ ವರ್ಷ ಅವರಿಗೆ ಅದೇ ಅಡ್ಡಹೆಸರು. ಆಫೀಸಿನ ಇಂಗ್ಲಿಷನ್ನು ತಿದ್ದಿಕೊಂಡರು. ಹಳೆಯದನ್ನು ಮಾತ್ರ ಬಿಡಲಿಲ್ಲ, ಸಭೆಗೆ ತಂದರು. ಇಲ್ಲಿ ಯಾರೂ ನಗುತ್ತಿರಲಿಲ್ಲ. ಕ್ರಿಸ್ಮಸ್‌ಗೆ, ಈಸ್ಟರ್‌ಗೆ ಪಾಸ್ಟರ್ ಕನ್ನಡದಲ್ಲಿ ಓದಿದ ಮೇಲೆ ದೇವಾನಂದ ಬಿಳಿ ಅಂಗಿಯ ತೋಳಿನ ಗುಂಡಿ ಹಾಕಿಕೊಂಡು ಎದ್ದು ನಿಂತು ಅದೇ ಭಾಗವನ್ನು ಇಂಗ್ಲಿಷಿನಲ್ಲಿ ಓದುವರು. ಅರ್ಥವಾಗದವರೂ ತಲೆ ಬಾಗಿಸಿ ಕೇಳುವರು. ಯಾವ ಮಾತಿಗೆ ವಿವಾದ ಬಂದರೂ, ದೇವಾನಂದಣ್ಣ ಇಂಗ್ಲಿಷಿನಾಗ ನೋಡಿ ಹೇಳಲಿ ಎನ್ನುವುದು ರೂಢಿಯಾಯಿತು.

ನೀಲಾಬಾಯಿ ಅದೇ ಸಭೆಯವರು. ಗಂಡ ತೀರಿಕೊಂಡಿದ್ದರು. ಮಗ ಸುಭಾಷ ಬಿಲ್ಡಿಂಗ್‌ಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಆಕೆ ಮನೆಮನೆಗೆ ಚಪಾತಿ ಮಾಡಿಕೊಡುವ ಕೆಲಸದವರು. ತಿಂಗಳ ಮೊದಲ ಭಾನುವಾರ ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನಕ್ಕೆ ರೊಟ್ಟಿ ಮಾಡಿ ತರುವುದು, ದ್ರಾಕ್ಷಾರಸದ ಸಣ್ಣ ಲೋಟಗಳನ್ನು ತೊಳೆದು ಒರೆಸಿ ತಟ್ಟೆಯಲ್ಲಿ ಜೋಡಿಸುವುದು ಆಕೆಯ ಪಾಲಿಗೆ ಬಂದಿತ್ತು. ಯಾರೂ ಹಚ್ಚಿದ ಕೆಲಸವಲ್ಲ, ಅತ್ತೆ ಗಂಗುಬಾಯಿ ಮಾಡುತ್ತಿದ್ದರು, ಆಮೇಲೆ ಇವರು ಮಾಡಿದರು.

ಆಕೆಯ ಬೆರಳ ತುದಿಗಳು ಬೆಳ್ಳಗಾಗತೊಡಗಿದವು. ಮೊದಮೊದಲು ಹಿಟ್ಟು ಮೆತ್ತಿದೆ ಎನ್ನುವಂತೆ ಕಾಣುತ್ತಿತ್ತು. ಆಮೇಲೆ ಮಣಿಕಟ್ಟಿಗೆ, ತುಟಿಯ ಅಂಚಿಗೆ ಬಂತು. ಊರ ಕಡೆ ತೊನ್ನು ಎನ್ನುವುದು, ಮರಾಠಿಯಲ್ಲಿ ಕೋಡ್ ಎನ್ನುವುದು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಕೆಲವರು ಲೋಟ ಮುಟ್ಟುವ ಮುಂಚೆ ಕರವಸ್ತ್ರದಿಂದ ಅಂಚು ಒರೆಸಿಕೊಂಡರು. ಚಂದ್ರವ್ವ ಎಂಬ ಹಿರಿಯ ಹೆಂಗಸು ಒಂದು ಭಾನುವಾರ ಲೋಟ ತೆಗೆದುಕೊಳ್ಳದೆಯೇ ಎದ್ದು ಹೋದರು. ಆ ತಿಂಗಳು ಪಾಸ್ಟರ್ ಊರಿಗೆ ಹೋಗಿದ್ದರು. ನೀವೇ ಏನಾದರೂ ನೋಡಿ ಹೇಳಿ ಎಂದು ಎಲ್ಲರೂ ದೇವಾನಂದ ಅವರ ಹತ್ತಿರ ಬಂದರು.

ದೇವಾನಂದ ನೋಡಿದರು. ಶುದ್ಧ ಅಶುದ್ಧದ ಕಟ್ಟಳೆಗಳಿರುವ ಯಾಜಕಕಾಂಡದ ಹದಿಮೂರನೆಯ ಅಧ್ಯಾಯ ತೆಗೆದರು. ಅವರ ಹಳೆಯ ಇಂಗ್ಲಿಷಿನಲ್ಲಿ ಅಲ್ಲಿ 'ಲೆಪ್ರಸಿ' ಎಂದಿತ್ತು, ಕನ್ನಡದಲ್ಲಿ ಕುಷ್ಠ ಎಂದಿತ್ತು. ಮೈಮೇಲೆ ಹೊಳೆಯುವ ಮಚ್ಚೆ, ಬೆಳ್ಳಗಾದ ಕೂದಲು, ಯಾಜಕನು ನೋಡಿ ಅಶುದ್ಧನೆಂದು ಹೇಳಬೇಕು ಎನ್ನುವ ವಚನಗಳ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದರು. ಸ್ಟೀವರ್ಡ್‌ಗಳ ಕೂಟದಲ್ಲಿ ಎದ್ದು ನಿಂತು ಎರಡೂ ಭಾಷೆಯಲ್ಲಿ ಓದಿದರು. ಇದು ನಮ್ಮ ಮಾತಲ್ಲ, ಗ್ರಂಥದ ಮಾತು ಎಂದರು. ಯಾರೂ ಎದುರಾಡಲಿಲ್ಲ. ಹಾಗೆ ಓದಿ ಹೇಳುವವರೊಬ್ಬರು ಸಿಕ್ಕಿದ್ದು ಎಲ್ಲರಿಗೂ ಒಳಗೊಳಗೇ ಸಮಾಧಾನ.

ಮುಂದಿನ ಆರಾಧನೆ ಮುಗಿದ ಮೇಲೆ ನೀಲಾಬಾಯಿ ಹಾಲ್‌ನ ಹಿಂದಿನ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಾಗ ದೇವಾನಂದ ಹೋಗಿ ನಿಂತರು. ಇನ್ನು ಮೇಲೆ ಸ್ವಲ್ಪ ದಿನ ಇದನ್ನು ಬೇರೆಯವರು ಮಾಡಲಿ ಎಂದರು. ಆಕೆಗೆ ಅರ್ಥವಾಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಸರ್ಕಾರಿ ದವಾಖಾನ್ಯಾಗ ತೋರಿಸೀನ್ರಿ ಅಣ್ಣಾ. ಇದು ಅಂಟೂದಲ್ಲ ಅಂದಾರ ಡಾಕ್ಟರು."

"ಡಾಕ್ಟರ್ ಹೇಳೂದು ಬ್ಯಾರೆ, ಸತ್ಯವೇದ ಹೇಳೂದು ಬ್ಯಾರೆ ನೀಲಾಬಾಯಿ," ಎಂದರು ದೇವಾನಂದ.

ಆಕೆ ಅರ್ಧ ತೊಳೆದ ಲೋಟಗಳನ್ನು ಹಾಗೇ ಬಿಟ್ಟರೆ ಅಪಚಾರ ಎಂದುಕೊಂಡೋ ಏನೋ, ಉಳಿದವನ್ನೂ ತೊಳೆದು ಕವುಚಿಟ್ಟೇ ಹೋದರು. ಆಮೇಲೆ ಕೆಲವು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತರು. ಎಲ್ಲರೂ ತೆಗೆದುಕೊಂಡ ಮೇಲೆ ಬಂದು ರೊಟ್ಟಿ ತೆಗೆದುಕೊಂಡರು. ಒಂದು ಮಳೆಗಾಲದಲ್ಲಿ ಬರುವುದನ್ನು ನಿಲ್ಲಿಸಿದರು. ಮಳೆಗೆ ಬಂದಿಲ್ಲ ಎಂದುಕೊಂಡರು ಜನ. ಮಳೆ ನಿಂತ ಮೇಲೂ ಯಾರೂ ವಿಚಾರಿಸಲು ಹೋಗಲಿಲ್ಲ.

ವರ್ಷಗಳು ಹೋದವು. ಬೇರೆ ಪಾಸ್ಟರ್ ಬಂದರು. ಕನ್ನಡದ ಸತ್ಯವೇದ ಓದಲು ಬರದ ಹುಡುಗರು ಸಭೆ ಬಿಟ್ಟು ಹೋಗುತ್ತಿದ್ದಾರೆ, ಅವರಿಗಾಗಿ ಶನಿವಾರ ಸಂಜೆ ಇಂಗ್ಲಿಷಿನಲ್ಲಿ ಓದುವ ಕೂಟ ನಡೆಸೋಣ ಎಂದರು. ಎಲ್ಲರಿಗೂ ಒಂದೇ ಬಗೆಯ ಬೈಬಲ್ ತರಿಸಬೇಕು, ಆದರೆ ಯಾವ ಅನುವಾದ? ಆಯ್ಕೆಯನ್ನು ದೇವಾನಂದ ಅವರಿಗೆ ಬಿಟ್ಟರು. ಅವರು ಆಗತಾನೇ ನಿವೃತ್ತರಾಗಿದ್ದರು. ಬಹಳ ಉತ್ಸಾಹದಿಂದ ಒಪ್ಪಿಕೊಂಡರು.

ಮೂರು ಹೊಸ ಅನುವಾದ ತಂದರು. ಒಂದು ಮೂಲದ ಪದಕ್ಕೆ ಪದ ಇಡುವಂಥದು, ಇನ್ನೊಂದು ಅರ್ಥ ಹಿಡಿದು ಹೋಗುವಂಥದು, ಮೂರನೆಯದು ಮಕ್ಕಳಿಗೂ ತಿಳಿಯುವಷ್ಟು ಸರಳ. ತಮ್ಮ ಹಳೆಯದನ್ನೂ ಕನ್ನಡದ್ದನ್ನೂ ಜೊತೆಗಿಟ್ಟರು. ಕೂಟದಲ್ಲಿ ಒಂದೇ ಭಾಗವನ್ನು ಒಬ್ಬೊಬ್ಬರು ಒಂದೊಂದರಲ್ಲಿ ಓದುವುದು, ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲಿ ನಿಲ್ಲುವುದು. ಹುಡುಗರಿಗೆ ಇದು ಆಟದಂತೆ ಹಿಡಿಸಿತು. ಹಳೆಯದು 'ಚಾರಿಟಿ' ಎಂದ ಕಡೆ ಹೊಸವು 'ಲವ್' ಎನ್ನುತ್ತಿದ್ದವು. ಮಕ್ಕಳನ್ನು ನನ್ನ ಹತ್ತಿರ ಬರಗೊಡಿರಿ ಎಂದು ಯೇಸು ಹೇಳುವ ಕಡೆ ಹಳೆಯದರಲ್ಲಿ 'ಸಫರ್' ಎಂಬ ಪದ. ಮಕ್ಕಳು ಯಾಕೆ ಸಫರ್ ಆಗಬೇಕು ಅಂಕಲ್ ಎಂದು ಒಬ್ಬಳು ಕೇಳಿದಳು. ಆ ಕಾಲದಲ್ಲಿ ಆ ಪದಕ್ಕೆ ಬಿಡು, ಅವಕಾಶ ಕೊಡು ಎಂಬ ಅರ್ಥ ಇತ್ತು ಎಂದು ಬಿಡಿಸಿ ಹೇಳುವಾಗ ದೇವಾನಂದ ಅವರಿಗೆ ಎಲ್ಲಿಲ್ಲದ ಖುಷಿ. ಕಾಲೇಜಿನಲ್ಲಿ ಇಷ್ಟು ವರ್ಷ ಇದ್ದರೂ ಪಾಠ ಹೇಳುವವರ ಕುರ್ಚಿಯಲ್ಲಿ ಕೂತಿರಲಿಲ್ಲ.

ಒಂದು ಶನಿವಾರ ಯೇಸು ಕುಷ್ಠರೋಗಿಯನ್ನು ಮುಟ್ಟಿ ಗುಣಮಾಡಿದ ಭಾಗ ಬಂತು. ದೇವಾನಂದ ಅವರ ಮಗಳು ಅನುರಾಧಾ ಸರಳ ಅನುವಾದ ಹಿಡಿದಿದ್ದಳು. ಪುಟದ ಕೆಳಗಿನ ಸಣ್ಣಕ್ಷರದ ಟಿಪ್ಪಣಿಯನ್ನೂ ಗಟ್ಟಿಯಾಗಿ ಓದಿದಳು. ಮೂಲದ ಪದ ಈಗ ನಾವು ಲೆಪ್ರಸಿ ಎನ್ನುವ ಒಂದೇ ರೋಗಕ್ಕೆ ಸೇರಿದ್ದಲ್ಲ, ಚರ್ಮದ ಬೇರೆಬೇರೆ ರೋಗಗಳಿಗೆಲ್ಲ ಅದನ್ನು ಬಳಸುತ್ತಿದ್ದರು ಎಂಬ ಅರ್ಥದ ಮಾತು ಅದು. ಹುಡುಗರು ಮುಂದೆ ಓದಿದರು. ದೇವಾನಂದ ಅವರಿಗೆ ಆಮೇಲೆ ಯಾರು ಏನು ಓದಿದರೋ ಕೇಳಿಸಲಿಲ್ಲ.

ಮನೆಗೆ ಬಂದು ಹೊಸ ಅನುವಾದಗಳಲ್ಲಿ ಯಾಜಕಕಾಂಡದ ಆ ಅಧ್ಯಾಯದ ಮೊದಲ ವಚನಗಳನ್ನು ನೋಡಿದರು. ಎರಡರಲ್ಲಿ 'ಸ್ಕಿನ್ ಡಿಸೀಸ್' ಎಂದಿತ್ತು. ತಾವು ಎದ್ದು ನಿಂತು ಓದಿದ ಪದ ಅಲ್ಲಿ ಇರಲೇ ಇಲ್ಲ. ಮಾಡಿದ್ದು ತಪ್ಪಾಯಿತಲ್ಲ ಅನ್ನಿಸಿತು, ನಿಜ. ಆದರೆ ಅದರ ಹಿಂದೆಯೇ ಮನಸ್ಸು ಹಗುರವೂ ಆಯಿತು. ತಪ್ಪು ಅನುವಾದದ್ದು. ನಾನು ಇದ್ದದ್ದನ್ನು ಓದಿದೆ ಅಷ್ಟೇ. ನೀಲಾಬಾಯಿಗೆ ಇದನ್ನು ಹೇಳಿಬಿಡಬೇಕು ಎಂದುಕೊಂಡರು.

ವಿಳಾಸ ಕೇಳಿಕೊಂಡು ಹೋದರು. ತಮ್ಮ ಮನೆಯಿಂದ ಅಷ್ಟು ದೂರವೇನಲ್ಲ, ಗೋರೆಗಾಂವ್ ಪೂರ್ವದಲ್ಲಿ ಗುಡ್ಡಕ್ಕೆ ಹತ್ತಿದ ಚಾಳು. ನೀಲಾಬಾಯಿ ಬಾಗಿಲಲ್ಲೇ ಗುರುತು ಹಿಡಿದು ಒಳಗೆ ಕರೆದರು. ಆಕೆಯ ಕೈಗಳು ಈಗ ಮೊಣಕೈ ತನಕ ಬೆಳ್ಳಗಾಗಿದ್ದವು. ಸೊಸೆ ನಾಗರತ್ನಾ ಚಹಾ ತಂದಳು. ದೇವಾನಂದ ಹೊಸ ಪುಸ್ತಕವನ್ನು ತೆರೆದು ತೋರಿಸಿದರು. ಹಳೆಯ ಅನುವಾದಕರು ಒಂದು ಪದವನ್ನು ತಪ್ಪು ಹಾಕಿದ್ದಾರೆ, ಅದರಿಂದ ಹೀಗಾಯಿತು, ನನಗೆ ಬಹಳ ಬೇಜಾರಾಗಿದೆ, ಮತ್ತೆ ಸಭೆಗೆ ಬರಬೇಕು ಎಂದರು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಪುಟದ ಕಡೆಯೇ ನೋಡುತ್ತ ಕೇಳಿದರು. ಕೇಳುತ್ತ ಕಣ್ಣಲ್ಲಿ ನೀರು ಬಂತು.

"ಪುಸ್ತಕದಾಗೇ ತಪ್ಪಿತ್ತಂದ್ರ ನೀವರ ಏನ್ ಮಾಡ್ತೀರಿ ಅಣ್ಣಾ. ನಾನೂ ದೇವರೇ ಹಂಗಂದಾನ ಅಂತ ತಿಳಕೊಂಡಿದ್ದೆ," ಎಂದರು.

ದೇವಾನಂದ ಗುಡ್ಡ ಇಳಿಯುವಾಗ ಅವರ ಮನಸ್ಸು ತುಂಬಿತ್ತು. ಆ ವಾರ ಸಿಕ್ಕಿದವರಿಗೆಲ್ಲ ಹೇಳಿದರು. ಪಾಸ್ಟರ್‌ಗೆ ಹೇಳಿದರು. ಅನುವಾದದ ಒಂದು ಪದ ಹೇಗೆ ಒಂದು ಬದುಕನ್ನು ಹಾಳುಮಾಡಬಲ್ಲದು ಎಂಬ ಬಗ್ಗೆ ಮುಂದಿನ ಶನಿವಾರ ಹುಡುಗರಿಗೆ ಒಂದು ಪಾಠ ಮಾಡುತ್ತೇನೆ ಎಂದೂ ಹೇಳಿದರು. ಪಾಸ್ಟರ್ ಬಹಳ ಮೆಚ್ಚಿಕೊಂಡರು.

ಆ ಪಾಠದ ತಯಾರಿಗೆ ಐದೂ ಪುಸ್ತಕಗಳನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಕೂತರು. ಈ ಸಲ ಅಧ್ಯಾಯವನ್ನು ಮೊದಲಿನಿಂದ ಕೊನೆಯ ತನಕ, ವಚನ ವಚನವಾಗಿ ಹೋಲಿಸುತ್ತ ಬಂದರು. ಪೆನ್ಸಿಲ್ ಗೆರೆ ಮುಗಿದ ಜಾಗ ದಾಟಿ ಮುಂದೆ ಹೋದರು. ಪುಟ ತಿರುವಿದ ಮೇಲೆ ಅದು ಸಿಕ್ಕಿತು. ಗಂಡಸಿಗಾಗಲಿ ಹೆಂಗಸಿಗಾಗಲಿ ಮೈಯ ಚರ್ಮದಲ್ಲಿ ಬಿಳಿ ಮಚ್ಚೆಗಳಿದ್ದು ಅವು ಮಂಕಾದ ಬಿಳುಪಾಗಿದ್ದರೆ ಅದು ದೋಷವಲ್ಲ, ಆ ಮನುಷ್ಯ ಶುದ್ಧ ಎಂದು ಅಲ್ಲಿ ಹೇಳಿತ್ತು.

ಮಚ್ಚೆಯ ಹೆಸರಿನಲ್ಲಿ ಅನುವಾದಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ನಿರುಪದ್ರವಿ ಗಂದೆ ಎಂದಿತ್ತು, ಇನ್ನೊಂದು ಬೇರೇನೋ. ಹಳೆಯದರಲ್ಲಿದ್ದ ಪದ ದೇವಾನಂದ ಅವರಿಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಆದರೆ ಕೊನೆಯ ಪದದಲ್ಲಿ ಭೇದವಿರಲಿಲ್ಲ. ನಾಲ್ಕು ಇಂಗ್ಲಿಷಿನಲ್ಲೂ 'ಕ್ಲೀನ್'. ಕನ್ನಡದಲ್ಲಿ ಶುದ್ಧ. ರದ್ದಿ ಅಂಗಡಿಯಿಂದ ಅಪ್ಪ ತಂದ ಪುಸ್ತಕದಲ್ಲೂ, ಆ ದಿನ ಕೂಟದಲ್ಲಿ ಅವರ ಕೈಯಲ್ಲೇ ಇದ್ದ ಪುಸ್ತಕದಲ್ಲೂ ಅದೇ. ಒಂದು ಪುಟ ತಿರುವಿದ್ದರೆ ಸಾಕಿತ್ತು.

ಅಲ್ಲಿಂದ ಎದ್ದು ಅವರು ಮುಖ ತೊಳೆದುಕೊಂಡು ಬಂದರಂತೆ. ಮತ್ತೆ ಕೂತು ಮತ್ತೆ ಓದಿದರಂತೆ, ಎಲ್ಲಾದರೂ ಬೇರೆ ಅರ್ಥ ಸಿಕ್ಕೀತೇ ಎಂದು. ಬೇರೆ ಅರ್ಥ ಹುಡುಕುತ್ತಿರುವ ತಮ್ಮನ್ನೇ ಕಂಡು ಇನ್ನಷ್ಟು ನಾಚಿಕೆಯಾಯಿತು. ಆ ಅಧ್ಯಾಯದ ಮೊದಲ ಭಾಗದಲ್ಲೇ, ಸಂಶಯವಿದ್ದರೆ ಯಾಜಕನು ಏಳು ದಿನ ಕಾಯಬೇಕು, ಮತ್ತೆ ನೋಡಬೇಕು, ಹರಡದಿದ್ದರೆ ಶುದ್ಧನೆನ್ನಬೇಕು ಎಂದು ಎಷ್ಟು ತಾಳ್ಮೆಯಿಂದ ಬರೆದಿತ್ತು. ಅದ್ಯಾವುದರ ಕೆಳಗೂ ಅವರು ಗೆರೆ ಎಳೆದಿರಲಿಲ್ಲ. ಬೇಕಾದ ವಚನಗಳನ್ನು ಮಾತ್ರ ಆರಿಸಿದ್ದರು. ಬೇಕಾದದ್ದು ಯಾವುದು ಎನ್ನುವುದು ಪುಸ್ತಕ ತೆಗೆಯುವ ಮೊದಲೇ ಗೊತ್ತಿತ್ತಲ್ಲ.

ಇದನ್ನು ಹೇಳುವಾಗ ಗಾಡಿ ಮಲಾಡ್ ದಾಟಿತ್ತು. ಆಮೇಲೆ, ಚಂದ್ರವ್ವ ಲೋಟ ಬಿಟ್ಟು ಎದ್ದದ್ದಕ್ಕಿಂತ ಮೊದಲೇ ನೀಲಾಬಾಯಿಯ ಬೆರಳು ಕಂಡು ನನಗೇ ಹೇಸಿಗೆಯಾಗಿತ್ತು, ಆ ಭಾನುವಾರ ರಸವನ್ನು ತುಟಿಗೆ ತಾಗಿಸಿ ಹಾಗೇ ಇಟ್ಟಿದ್ದೆ ಎಂದರು. ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಹೆಂಡತಿ ವಿನೋದಿನಿ ಮೇಜಿನ ಮೇಲೆ ಊಟ ಬಡಿಸಲು ಬಂದಾಗ ಪುಸ್ತಕಗಳನ್ನು ಸರಿಸದೆ ಕೂತಿದ್ದ ಗಂಡನನ್ನು ನೋಡಿ ಏನಾಯಿತು ಎಂದರು. ಅವರು ವಚನವನ್ನು ತೋರಿಸಿದರು. ಅನುರಾಧಾಳೂ ಬಂದು ಓದಿದಳು. ತಾಯಿ ಮಗಳು ಇಬ್ಬರಿಗೂ ಅರ್ಥವಾಯಿತು. ವಿನೋದಿನಿ, ಆಕೆ ಹೇಗೂ ಕ್ಷಮಿಸಿದ್ದಾರೆ, ಇನ್ನು ಕೆದಕುವುದರಲ್ಲಿ ಏನು ಬಂತು, ಮತ್ತೆ ಆಕೆಗೇ ನೋವಾಗುತ್ತದೆ ಎಂದರು. ಆ ಮಾತು ದೇವಾನಂದ ಅವರಿಗೂ ಬೇಕಾಗಿತ್ತು. ಅನುರಾಧಾ ಮಾತ್ರ ಪುಸ್ತಕ ಮುಚ್ಚದೆ ನಿಂತಳು.

"ಪಪ್ಪಾ, ಆಂಟಿ ಮಾಫ್ ಮಾಡಿದ್ದು ಟ್ರಾನ್ಸ್‌ಲೇಷನ್‌ಗೆ ಅಲ್ವಾ? ನಿಮಗೆ ಅಲ್ಲ ನಾ?" ಎಂದಳು.

ಅವಳು ಕೆಣಕಿ ಹೇಳಿದ್ದಲ್ಲ. ಅವಳ ಕನ್ನಡ ಅಷ್ಟೇ, ಸುತ್ತಿ ಬಳಸಿ ಹೇಳಲು ಬರದು. ಆ ಶನಿವಾರ ದೇವಾನಂದ ಕೂಟಕ್ಕೆ ಹೋಗಲಿಲ್ಲ, ಮೈಗೆ ಹುಷಾರಿಲ್ಲ ಎಂದು ಹೇಳಿಸಿದರು. ಎರಡು ಸಲ ಚಾಳಿನ ಬುಡದ ತನಕ ಹೋಗಿ ವಾಪಸಾದರು. ಒಂದು ಸಲ ಭಾಜಿ ಕೊಳ್ಳುವ ನೆವ ಮಾಡಿಕೊಂಡು ಬೇಡದ ಕುಂಬಳಕಾಯಿ ತಂದರಂತೆ. ಮೂರನೆಯ ಸಲ ಹತ್ತಿದರು.

ಈ ಸಲ ಕೈಯಲ್ಲಿ ಪುಸ್ತಕ ಇರಲಿಲ್ಲ. ನೀಲಾಬಾಯಿ ಸಂತೋಷದಿಂದಲೇ ಬರಮಾಡಿಕೊಂಡರು. ಬರುವ ತಿಂಗಳ ಮೊದಲ ಭಾನುವಾರ ಸಭೆಗೆ ಬರಬೇಕೆಂದಿದ್ದೇನೆ, ಸೀರೆಯನ್ನೂ ಇಸ್ತ್ರಿಗೆ ಕೊಟ್ಟಿದ್ದೇನೆ ಎಂದರು. ದೇವಾನಂದ ಚಾಪೆಯ ಮೇಲೆ ಕೂತರು. ಎಲ್ಲಿಂದ ಶುರುಮಾಡಬೇಕೆಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಪುಸ್ತಕದಾಗ ತಪ್ಪಿರಲಿಲ್ಲ ನೀಲಾಬಾಯಿ," ಎಂದರು. "ಹಳೇದ್ರಾಗೂ ನೀವು ಶುದ್ಧ ಅಂತೇ ಅದ. ಕನ್ನಡದಾಗೂ ಅದ. ಮುಂದಿನ ಪುಟದಾಗ ಇತ್ತು, ನಾ ಓದಲಿಲ್ಲ. ಮೊದಲ ನನಗ ಹೇಸಿಕಿ ಬಂದಿತ್ತು. ಆಮ್ಯಾಲ ಪುಸ್ತಕ ತೆಗೆದೆ."

ಹೊರಗೆ ಯಾರದೋ ಮನೆಯ ಮಿಕ್ಸರ್ ತಿರುಗಿ ನಿಂತಿತು. ನೀಲಾಬಾಯಿ ಎದ್ದು ಕಿಟಕಿಯ ಕಟ್ಟೆಯ ಹತ್ತಿರ ಹೋದರು. ಅಲ್ಲಿ ಒಂದು ಸ್ಟೀಲ್ ತಾಟು, ಒಂದು ಲೋಟ, ಒಂದು ಚಮಚ ಇದ್ದವು. ಮನೆಯ ಉಳಿದ ಪಾತ್ರೆಗಳು ಒಲೆಯ ಕಡೆಯ ಸ್ಟ್ಯಾಂಡಿನಲ್ಲಿ ಇದ್ದವು. ಹೋದ ಸಲ ಬಂದಾಗಲೂ ಅವು ಅಲ್ಲೇ ಇದ್ದಿರಬೇಕು, ದೇವಾನಂದ ಗಮನಿಸಿರಲಿಲ್ಲ.

"ಇವು ನನ್ನವು," ಎಂದರು ನೀಲಾಬಾಯಿ. "ಸಭಾದಾಗ ಹಿರಿಯರು ಹಂಗ ಹೇಳ್ಯಾರ ಅಂದ ಮ್ಯಾಲ ಮನ್ಯಾಗ ಬ್ಯಾರೆ ಮಾಡಿದ್ರು. ಮೊಮ್ಮಗನ್ನ ಎತ್ತಕೊಳ್ಳಂಗಿಲ್ಲ. ಆ ಕೂಸಿಗೆ ನಾ ಯಾಕ ಎತ್ತಕೊಳ್ಳೂದಿಲ್ಲ ಅಂತ ಇನ್ನೂ ಗೊತ್ತಿಲ್ಲ."

ಒಲೆಯ ಹತ್ತಿರ ನಿಂತಿದ್ದ ನಾಗರತ್ನಾ ತಲೆ ಎತ್ತಲಿಲ್ಲ. ದೇವಾನಂದ ಕ್ಷಮಿಸಿ ಎನ್ನಲು ಬಾಯಿ ತೆರೆದರು. ಆಕೆ ಕೈ ಎತ್ತಿ ತಡೆದರು. ನನಗೆ ಹೇಳಬೇಡಿ, ಹೋದ ಸಲ ಹೇಳಿದ್ದೀರಿ, ನಾನು ನಂಬಿದ್ದೆ ಎಂದರು. ಸುಭಾಷ ಡ್ಯೂಟಿಯಿಂದ ಬರುವ ಹೊತ್ತಾಯಿತು, ಅವನು ಬರಲಿ, ಅವನಿಗೂ ಇವಳಿಗೂ ಹೇಳಿ, ಈಗ ಹೇಳಿದ ಹಾಗೆಯೇ ಹೇಳಿ ಎಂದರು.

ಸುಭಾಷ ಬರುವ ತನಕ ದೇವಾನಂದ ಆ ಕೋಣೆಯಲ್ಲಿ ಕೂತಿದ್ದರು. ಯಾರೂ ಅವರನ್ನು ಚಹಾ ಬೇಕೇ ಎಂದು ಕೇಳಲಿಲ್ಲ. ಎದ್ದು ಹೋಗುವ ಹಾಗೂ ಇರಲಿಲ್ಲ. ಗೋಡೆಯ ಮೇಲೆ ನಮ್ಮ ಸಭೆಯ ಹಳೆಯ ಕ್ಯಾಲೆಂಡರ್ ಇತ್ತು. ಆಕೆ ಬರುವುದನ್ನು ನಿಲ್ಲಿಸಿದ ವರ್ಷದ್ದು. ಅದರ ಮೇಲೆ ಸ್ಟೀವರ್ಡ್‌ಗಳ ಹೆಸರು ಅಚ್ಚಾಗಿತ್ತು, ಎಲ್ಲರಿಗಿಂತ ಮೇಲೆ ಇವರದು.

ಸುಭಾಷ ಬಂದು ಬೂಟು ಬಿಚ್ಚುತ್ತಲೇ ವಿಷಯ ಕೇಳಿದ. ದೇವಾನಂದ ಹೇಳಿದರು. ಹೇಸಿಗೆಯ ಮಾತನ್ನೂ ಬಿಡಲಿಲ್ಲ. ಸುಭಾಷ ಕೂಗಾಡುತ್ತಾನೆಂದುಕೊಂಡಿದ್ದರು, ಒಂದು ಬೈಗುಳವಾದರೂ ಬಂದಿದ್ದರೆ ಹಗುರವಾಗುತ್ತಿತ್ತು ಎಂದು ನನ್ನ ಹತ್ತಿರ ಹೇಳಿದರು. ಸುಭಾಷ ಬಯ್ಯಲಿಲ್ಲ. ತಾಯಿಯ ಕಡೆ ನೋಡಲಾಗದೆ ಬೂಟಿನ ಲೇಸನ್ನೇ ನೋಡುತ್ತ ಕೂತ. ತಾಟು ಬೇರೆ ಇಡು ಎಂದು ಹೆಂಡತಿಗೆ ಹೇಳಿದವನು ಅವನೇ ಅಂತೆ. ಕೊನೆಗೆ ನಾಗರತ್ನಾ ಮಾತಾಡಿದಳು.

"ನಾ ಆಸ್ಪತ್ರಿಗೆ ಹೋಗಿ ಕೇಳಿ ಬಂದಿದ್ದೆರಿ. ಏನೂ ಆಗೂದಿಲ್ಲ ಅಂದಿದ್ರು. ಆದ್ರ ನೀವು ಸತ್ಯವೇದದಾಗ ಅದ ಅಂದ್ರಲ್ಲ, ಅದಕ್ಕ ಅಂಜಿದ್ವಿ," ಎಂದಳು.

ದೇವಾನಂದ ಹೊರಡುವಾಗ ಯಾರೂ ಬಾಗಿಲ ತನಕ ಬರಲಿಲ್ಲ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಪಾತ್ರೆಯ ಸದ್ದು ಕೇಳಿಸಿತು. ಏನೆಂದು ತಿರುಗಿ ನೋಡುವ ಅಧಿಕಾರ ತನಗಿಲ್ಲ ಅನ್ನಿಸಿ ಇಳಿದುಬಂದರು.

ಮರು ಭಾನುವಾರ ಸಭೆಯಲ್ಲಿ ಅವರು ಎದ್ದು ನಿಂತದ್ದನ್ನು ನಾನೇ ಕಂಡಿದ್ದೇನೆ. ಪ್ರಕಟಣೆಗಳ ಹೊತ್ತಿನಲ್ಲಿ ಪಾಸ್ಟರ್ ಅವರ ಅನುಮತಿ ಕೇಳಿ ಮುಂದೆ ಹೋದರು. ಇಂಗ್ಲಿಷ್ ಓದಲು ನಿಲ್ಲುವ ಜಾಗವದು. ಹಳೆಯ ಕನ್ನಡ ಸತ್ಯವೇದವೊಂದನ್ನೇ ಹಿಡಿದಿದ್ದರು. ಅಧ್ಯಾಯವನ್ನು ಪೂರ್ತಿ ಓದಿದರು. ಉದ್ದದ ಅಧ್ಯಾಯ, ಚರ್ಮ, ಹುಣ್ಣು, ಕೂದಲು ಎಂದು ಒಂದೇ ವಿಷಯ. ಹುಡುಗರು ಮೊಬೈಲ್ ನೋಡತೊಡಗಿದರು, ಹೆಂಗಸರು ಮಗ್ಗುಲು ಬದಲಿಸಿದರು. ಆಮೇಲೆ ನೀಲಾಬಾಯಿಯ ಹೆಸರು ಹೇಳಿ, ತಾವು ಏನು ಮಾಡಿದರೆಂದು ಹೇಳಿ, ಸ್ಟೀವರ್ಡ್ ಕೆಲಸ ಬಿಡುತ್ತೇನೆ ಎಂದು ಹೇಳಿ ಕೂತರು.

ಪಾಸ್ಟರ್ ಒಳ್ಳೆಯ ಮನುಷ್ಯ. ಎದ್ದು, ಇಂಥ ಧೈರ್ಯ ಎಷ್ಟು ಜನಕ್ಕಿದೆ, ದೇವಾನಂದಣ್ಣ ನಮಗೆಲ್ಲ ಮಾದರಿ ಎಂದುಬಿಟ್ಟರು. ಕೆಲವರು ಆಮೆನ್ ಎಂದರು. ನಾನು ಪಕ್ಕದ ಸಾಲಿನಲ್ಲಿದ್ದೆ. ದೇವಾನಂದ ಅವರ ಕಿವಿಗಳು ಕೆಂಪಾದದ್ದು ಕಂಡಿತು. ಆರಾಧನೆ ಮುಗಿದ ಮೇಲೆ ಒಬ್ಬಿಬ್ಬರು ಬಂದು ಕೈ ಕುಲುಕಿದರು. ಚಂದ್ರವ್ವ, ಅಷ್ಟೆಲ್ಲ ಹೇಳುವುದು ಬೇಕಿರಲಿಲ್ಲ, ಆಗ ನಾವೆಲ್ಲರೂ ಹಾಗೇ ತಿಳಿದಿದ್ದೆವು ಎಂದರು. ಆಗಿನ ಸ್ಟೀವರ್ಡ್‌ಗಳಲ್ಲಿ ಇನ್ನೂ ಇದ್ದವರು ಯಾರೂ ಹತ್ತಿರ ಬರಲಿಲ್ಲ. ಮನೆಗೆ ಹೋಗುವಾಗ ಗಾಡಿಯಲ್ಲಿ ದೇವಾನಂದ ಅಂದದ್ದು ಒಂದೇ ಮಾತು, ತಪ್ಪು ಒಪ್ಪಿಕೊಂಡದ್ದಕ್ಕೂ ಹೊಗಳಿಕೆ ಬಂತಲ್ಲ ಎಂದು.

ನೀಲಾಬಾಯಿ ಬರುತ್ತೇನೆಂದಿದ್ದ ಭಾನುವಾರ ಬರಲಿಲ್ಲ. ಮುಂದೆಯೂ ಬರಲಿಲ್ಲ. ಪಾಸ್ಟರ್ ಎರಡು ಸಲ ಹೋಗಿ ಕರೆದರು. ಈಗ ಗೋರೆಗಾಂವ್‌ನಲ್ಲೇ ಮನೆ ಹತ್ತಿರದ ಒಂದು ಮರಾಠಿ ಸಭೆಗೆ ಹೋಗುತ್ತಿದ್ದೇನೆ, ಅಲ್ಲಿ ಹಾಡು ಅರ್ಧ ಅರ್ಥವಾಗುವುದಿಲ್ಲ, ಆದರೆ ಕೂತರೆ ನೆಮ್ಮದಿಯಾಗುತ್ತದೆ ಎಂದರಂತೆ. ಮೊಮ್ಮಗನನ್ನು ಶಾಲೆಯಿಂದ ಕರೆತರುವುದು ಈಗ ಆಕೆಯೇ ಎಂದು ಪಾಸ್ಟರ್ ಬಂದು ಹೇಳಿದಾಗ ದೇವಾನಂದ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು ಎಂದು ವಿನೋದಿನಿ ನನ್ನ ಹೆಂಡತಿಗೆ ಹೇಳಿದ್ದಾರೆ.

ಶನಿವಾರದ ಕೂಟ ನಡೆದಿದೆ. ಈಗ ಅದನ್ನು ಅನುರಾಧಾ ನಡೆಸುತ್ತಾಳೆ. ಸರಳ ಅನುವಾದವನ್ನೇ ಎಲ್ಲರಿಗೂ ತರಿಸಿದರು, ಹುಡುಗರೇ ಕೈಯೆತ್ತಿ ಆರಿಸಿದ್ದು. ದೇವಾನಂದ ಹೋಗಿ ಹಿಂದೆ ಕೂರುತ್ತಾರೆ. ಹಳೆಯ ಪದದ ಅರ್ಥ ಬೇಕಾದಾಗ ಯಾರಾದರೂ ತಿರುಗಿ ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಗೋರೆಗಾಂವ್ ಸ್ಟೇಷನ್ನಿನ ಬ್ರಿಡ್ಜ್ ಮೇಲೆ ಅವರಿಗೆ ನೀಲಾಬಾಯಿ ಎದುರಾದರು. ಕೆಲಸ ಮುಗಿಸಿ ಬರುತ್ತಿದ್ದರು. ಜನ ಎರಡೂ ಕಡೆಯಿಂದ ನೂಕುತ್ತಿದ್ದರು, ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆಕೆಯೇ ಕಂಬಿಯ ಬದಿಗೆ ಸರಿದು ನಿಂತು, ಹೇಗಿದ್ದೀರಿ, ಅನುರಾಧಾಗೆ ಎಲ್ಲಾದರೂ ಗಂಡು ನೋಡುತ್ತಿದ್ದೀರಾ ಎಂದು ಕೇಳಿದರು. ದೇವಾನಂದ ಕೆಳಗೆ ಹಳಿಗಳ ಕಡೆ ನೋಡುತ್ತ ಉತ್ತರ ಕೊಟ್ಟರು. ಆಕೆಯ ಕೈ ಕಾಣದಂತೆ ನೋಡಬೇಕಿತ್ತು, ಮುಖ ನೋಡಿದರೆ ತುಟಿಯ ಬಿಳುಪು ಕಾಣುತ್ತಿತ್ತು, ಹಳೆಯ ಹೇಸಿಗೆ ಇನ್ನೂ ಹೋಗಿರಲಿಲ್ಲ.

"ನನ್ನ ಕಡೀ ನೋಡಿ ಮಾತಾಡ್ರಿ ಅಣ್ಣಾ," ಎಂದರು ನೀಲಾಬಾಯಿ.

ಅವರು ನೋಡಿದರು. ಆಮೇಲೆ ಆಕೆ ಸುಭಾಷನ ಹೊಸ ಕಂಪನಿಯ ಬಗ್ಗೆ ಏನೋ ಹೇಳಿದರಂತೆ. ಏನು ಹೇಳಿದರು ಎಂದು ನಾನು ಕೇಳಿದೆ. ಕೇಳಿಸಿಕೊಳ್ಳಲಿಕ್ಕೆ ಆಗಲಿಲ್ಲ, ನೋಡುವುದಕ್ಕೇ ಇದ್ದ ಶಕ್ತಿಯೆಲ್ಲ ಬೇಕಾಯಿತು ಎಂದರು ದೇವಾನಂದ.